ನರ್ಸರಿ ಪಿಕಪ್‌ನ ಸ್ಟೀರಿಂಗ್ ಪೈಪಿಗೆ ಬಿದ್ದ ಬ್ಲೇಡಿನ ಬಗ್ಗೆ

ಗ್ಯಾರೇಜಿನಲ್ಲೂ ರೂಮಿನಲ್ಲೂ ಬುಗುರಿ ಎಂದೇ ಕರೆಯಲ್ಪಡುವ ನಾನು, ವಯಸ್ಸು 23 ವರ್ಷ, ಕೆಲಸ ಗಾಡಿ ಮೆಕ್ಯಾನಿಕ್, ವಾಸ ಟೈರ್ ಗೋಡೌನಿನ ಮೇಲಿನ ಎರಡನೇ ರೂಮು, ಸ್ವಂತ ಊರು ಇಲ್ಲಿಂದ ರೈಲಿನಲ್ಲಿ ಹದಿನಾಲ್ಕು ಗಂಟೆ ದೂರ, ಈ ದಿನ ಬೆಳಿಗ್ಗೆ 10:15ಕ್ಕೆ ಠಾಣೆಗೆ ನಾನಾಗಿಯೇ ಹಾಜರಾಗಿ, ಯಾರೂ ಕರೆಸದಿದ್ದರೂ, ಹೇಳಿ ಬರೆಸುತ್ತಿರುವುದೇನೆಂದರೆ:

ನಾನು ಈ ಊರಿಗೆ ಬಂದು ಏಳು ತಿಂಗಳಾಗಿದೆ. ಅದಕ್ಕೆ ಮೊದಲು ಎರಡು ವರ್ಷದಲ್ಲಿ ಐದು ಗ್ಯಾರೇಜು ಬದಲಾಯಿಸಿದ್ದೇನೆ. ಒಂದು ಕಡೆ ನಿಲ್ಲುವುದಿಲ್ಲ ಎಂದು ಈ ಹೆಸರು ಬಂದಿದೆ. ಈಗಿನ ಗ್ಯಾರೇಜಿನ ಯಜಮಾನರನ್ನು ನಾವೆಲ್ಲ ಮೇಸ್ತ್ರಿ ಎನ್ನುತ್ತೇವೆ.

ನರ್ಸರಿ ಅಕ್ಕ ಎಂದು ನಾವು ಕರೆಯುವವರು ಸಸಿ ಮಾರುವ ನರ್ಸರಿಯ ಒಡತಿ. ಗಂಡ ತೀರಿಕೊಂಡ ಮೇಲೆ ಅವರೂ ಅವರ ಮೈದುನನೂ ಸೇರಿ ನರ್ಸರಿ ನಡೆಸುತ್ತಾರೆ. ಅವರ ಹತ್ತೊಂಬತ್ತು ವರ್ಷ ಹಳೆಯ ಬಿಳಿ ಪಿಕಪ್ ನಮ್ಮಲ್ಲೇ ರಿಪೇರಿಗೆ ಬರುತ್ತದೆ. ಅದನ್ನು ಮೊದಲಿನಿಂದ ಓಡಿಸುತ್ತಿದ್ದವರು ಮೈದುನ. ಅವರು ಗಾಡಿಯನ್ನು 'ಮುದುಕ' ಎನ್ನುತ್ತಾರೆ. ಬಾನೆಟ್ ತಟ್ಟಿ 'ಏಳೋ ಮುದುಕ' ಎಂದು ಹೇಳಿಯೇ ಸ್ಟಾರ್ಟ್ ಮಾಡುವುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಕಳೆದ ತಿಂಗಳು 19ನೇ ತಾರೀಖು ಶನಿವಾರ ಬೆಳಿಗ್ಗೆ 11 ಗಂಟೆಗೆ ಬೆಲ್ಟ್ ಬದಲಾಯಿಸಲು ಪಿಕಪ್ ಬಂತು. ಸ್ಟೀರಿಂಗಿನಿಂದ ಆಯಿಲ್ ಡಬ್ಬಿಗೆ ವಾಪಸ್ ಹೋಗುವ ರಬ್ಬರ್ ಪೈಪು ಪಕ್ಕದ ಕಬ್ಬಿಣಕ್ಕೆ ಉಜ್ಜದಿರಲಿ ಎಂದು ನಮ್ಮಲ್ಲಿ ಹಳೆಯ ಟೈರ್ ಟ್ಯೂಬಿನ ಪಟ್ಟಿ ಸುತ್ತುತ್ತೇವೆ. ಬೇರೆ ಗ್ಯಾರೇಜಿನಲ್ಲಿ ಇದನ್ನು ನೋಡಿಲ್ಲ, ಇದು ಮೇಸ್ತ್ರಿಯವರ ಪದ್ಧತಿ. ಹಳೆಯ ಪಟ್ಟಿ ಒಣಗಿ ಗಟ್ಟಿಯಾಗಿತ್ತು. ಅದನ್ನು ತೆಗೆದು ಹೊಸದು ಸುತ್ತಲು ಮೇಸ್ತ್ರಿ ನನಗೆ ಹೇಳಿದರು. ಮೊದಲು ಬಿಸಿನೀರು ಹಾಕಿ ಮೆತ್ತಗೆ ಮಾಡಿ, ಆಮೇಲೆ ಸುತ್ತು ಸುತ್ತಾಗಿ ಬಿಚ್ಚುವುದು ಅವರ ಕ್ರಮ. ಅದಕ್ಕೆ ಅರ್ಧ ಗಂಟೆ ಹಿಡಿಯುತ್ತದೆ. ಮೇಸ್ತ್ರಿ ಟೀ ಕುಡಿಯಲು ಹೋದಾಗ ನಾನು ಬ್ಲೇಡ್ ತೆಗೆದುಕೊಂಡು ಪಟ್ಟಿಯನ್ನು ಒಂದೇ ಎಳೆತಕ್ಕೆ ಉದ್ದುದ್ದ ಕೊಯ್ದು ತೆಗೆದೆನು. ಐದು ನಿಮಿಷ ಆಯಿತು. ಅಡಿಯಲ್ಲಿದ್ದ ಪೈಪನ್ನು ಒರೆಸಿ ನೋಡಲಿಲ್ಲ. ಮೇಲೆ ಹೊಸ ಪಟ್ಟಿ ಸುತ್ತಿ ಎರಡು ತುದಿಗೂ ತಂತಿ ಬಿಗಿದೆನು.

ದಿನವೂ ಕೆಲಸ ಮುಗಿದ ಮೇಲೆ ಊರಿನಲ್ಲಿರುವ ನನ್ನ ಅಕ್ಕನಿಗೆ ಫೋನಿನಲ್ಲಿ ಮಾತು ರೆಕಾರ್ಡ್ ಮಾಡಿ ಕಳುಹಿಸುವುದು ನನ್ನ ಅಭ್ಯಾಸ. ಅಕ್ಕ ಟೈಲರ್. ಹೊಲಿಯುತ್ತಾ ಕೇಳಿಸಿಕೊಳ್ಳುತ್ತಾಳೆ. ಆ ದಿನ ಕಳುಹಿಸಿದ್ದು 4 ನಿಮಿಷ 12 ಸೆಕೆಂಡಿನದು. ಅದರಲ್ಲಿ, ಮೇಸ್ತ್ರಿಗೆ ಅರ್ಧ ಗಂಟೆ ಬೇಕು, ನಿನ್ನ ತಮ್ಮ ಬ್ಲೇಡ್ ಹಾಕಿ ಐದೇ ನಿಮಿಷಕ್ಕೆ ಮುಗಿಸಿದ ನೋಡೇ ಎಂದು ಜಂಬ ಕೊಚ್ಚಿದ್ದೇನೆ. ಆ ಫೋನನ್ನು ಈ ಹೇಳಿಕೆಯ ಜೊತೆ ಮೇಜಿನ ಮೇಲೆ ಇಟ್ಟಿದ್ದೇನೆ.

28ನೇ ತಾರೀಖು ಸೋಮವಾರ ಮೈದುನ ಗಾಡಿ ತಂದು, ಸ್ಟೀರಿಂಗ್ ತಿರುಗಿಸಿದರೆ ಕುಂಯ್‌ಗುಡುತ್ತದೆ, ನಿಂತ ಜಾಗದಲ್ಲಿ ಕೆಂಪು ಹನಿ ಬೀಳುತ್ತಿದೆ, ಸರಿಯಾಗಿ ನೋಡು ತಮ್ಮಾ ಎಂದರು. ಸ್ಟೀರಿಂಗಿಗೆ ಆಯಿಲ್ ತಳ್ಳುವ ಪಂಪಿನ ಕೆಳಗೆ ಒದ್ದೆ ಇತ್ತು. ಒರೆಸಿ, ಆಯಿಲ್ ತುಂಬಿ ಕಳುಹಿಸಿದೆನು. ಈ ತಿಂಗಳು 5ನೇ ತಾರೀಖು ಮತ್ತೆ ಬಂದರು. ಮೇಸ್ತ್ರಿ ಮಗಳ ಮನೆಗೆ ಹೋಗಿದ್ದರು. ನಾನು ಯಾರನ್ನೂ ಕೇಳದೆ, ಹನಿ ಬೀಳುವುದು ಪಂಪಿನ ಕೆಳಗೆ ಎಂಬ ಒಂದೇ ಕಾರಣಕ್ಕೆ ಪಂಪಿನ ರಬ್ಬರ್ ಸೀಲ್ ಬದಲಾಯಿಸಿದೆನು. ಆಯಿಲ್ ಎಲ್ಲಿ ಬೀಳುತ್ತದೆ ಎಂದು ನೋಡಿದೆನೇ ಹೊರತು ಎಲ್ಲಿಂದ ಹೊರಟಿದೆ ಎಂದು ನೋಡಲಿಲ್ಲ.

7ನೇ ತಾರೀಖು ಬುಧವಾರ ನರ್ಸರಿಯಲ್ಲಿ ಅಕ್ಕನಿಗೂ ಮೈದುನನಿಗೂ ಜಗಳವಾಯಿತೆಂದು ನಂತರ ತಿಳಿಯಿತು. ಅಕ್ಕ ಹಳೆಯ ಗಾಡಿ ಮಾರೋಣ ಎಂದರಂತೆ. ಮೈದುನ ಒಪ್ಪಲಿಲ್ಲವಂತೆ. ಹಾಗಿದ್ದರೆ ನಾನೇ ಓಡಿಸುತ್ತೇನೆ ಎಂದು ಅಕ್ಕ ಕೀ ಕಿತ್ತುಕೊಂಡಾಗ, 'ನನ್ನ ಕೈ ಬಿಟ್ಟು ಆ ಗಾಡಿ ಎಷ್ಟು ದೂರ ಹೋಗುತ್ತೋ ನಾನೂ ನೋಡ್ತೀನಿ' ಎಂದು ಮೈದುನ ಮೂರು ಜನ ಕೆಲಸದವರ ಎದುರು ಹೇಳಿದರಂತೆ.

9ನೇ ತಾರೀಖು ಶುಕ್ರವಾರ ಬೆಳಿಗ್ಗೆ 10:20ಕ್ಕೆ ನರ್ಸರಿ ಗೇಟಿನಿಂದ ಸುಮಾರು 300 ಮೀಟರ್ ದೂರದ ತಿರುವಿನಲ್ಲಿ ಅಕ್ಕನ ಕೈಯಲ್ಲಿ ಸ್ಟೀರಿಂಗ್ ಕಲ್ಲಿನಂತೆ ಬಿಗಿಯಾಗಿ, ಗಾಡಿ ತಿರುಗದೆ ಕಾಂಪೌಂಡಿಗೆ ಗುದ್ದಿತು. ಅವರ ಎಡ ಮಣಿಕಟ್ಟು ಉಳುಕಿತು. ಹಿಂದೆ ಇದ್ದ ಸಸಿಗಳ ಟ್ರೇಗಳು ಮಗುಚಿದವು. ಬೇರೆ ಯಾರಿಗೂ ಏನೂ ಆಗಲಿಲ್ಲ.

ನಾನು 11:40ಕ್ಕೆ ಗಾಡಿಯನ್ನು ಗ್ಯಾರೇಜಿಗೆ ಎಳೆದು ತಂದೆನು. ಬಾನೆಟ್ ಎತ್ತಿದರೆ ಆಯಿಲ್ ಡಬ್ಬಿ ಖಾಲಿ, ಸುತ್ತಲೂ ಕೆಂಪು. ನಾನು ಸುತ್ತಿದ್ದ ಪಟ್ಟಿ ನೆನೆದು ತೊಪ್ಪೆಯಾಗಿತ್ತು. ಅದನ್ನು ಬಿಚ್ಚಿ ಗುಜರಿ ಮೂಟೆಗೆ ಎಸೆದೆನು. ಅಡಿಯ ಪೈಪಿನಲ್ಲಿ ನಾಲ್ಕು ಸೆಂಟಿಮೀಟರ್ ಉದ್ದದ ನೇರ ಸೀಳು ಕಂಡಿತು. ಅಕ್ಕ ಕೈಗೆ ಬಟ್ಟೆ ಕಟ್ಟಿಕೊಂಡು ನನ್ನ ಹಿಂದೆಯೇ ನಿಂತಿದ್ದರು. ಏನಾಗಿದೆ ಎಂದು ಕೇಳಿದರು. ನಾನು ಯೋಚನೆ ಮಾಡದೆ 'ಅಕ್ಕಾ, ಇದು ಯಾರೋ ಬ್ಲೇಡ್ ಹಾಕಿದಂಗಿದೆ' ಎಂದುಬಿಟ್ಟೆನು. ಅವರು ಸ್ಟೂಲಿನ ಮೇಲೆ ಕುಳಿತರು. ಸ್ವಲ್ಪ ಹೊತ್ತಿನ ಮೇಲೆ ಎದ್ದು ಹೋದರು. ಸಂಜೆ 4 ಗಂಟೆಗೆ ಇದೇ ಠಾಣೆಯಲ್ಲಿ ಮೈದುನನ ಮೇಲೆ ದೂರು ಕೊಟ್ಟರು.

10ನೇ ತಾರೀಖು ಶನಿವಾರ ಪೇದೆ ಸಾಹೇಬರು ಬಂದು ಪೈಪಿನ ಫೋಟೋ ತೆಗೆದುಕೊಂಡರು. ಮೈದುನನನ್ನು ಠಾಣೆಯ ಬೆಂಚಿನ ಮೇಲೆ ಮೂರು ಗಂಟೆ ಕೂರಿಸಿದ್ದರೆಂದೂ, ಅತ್ತಿಗೆಯ ಜೀವಕ್ಕೆ ಕೈ ಹಾಕಿದ ಕೇಸು ಬೀಳಬಹುದೆಂದೂ, ಅವರು ಮನೆಗೆ ಹೋಗದೆ ಸ್ನೇಹಿತನ ಶೆಡ್ಡಿನಲ್ಲಿ ಮಲಗುತ್ತಿದ್ದಾರೆಂದೂ ಕೇಳಿದೆನು. ಆ ದಿನದ ಸುದ್ದಿ ಎಂದು ಇದನ್ನೆಲ್ಲ ಊರಿನಲ್ಲಿರುವ ನನ್ನ ಅಕ್ಕನಿಗೆ ರೆಕಾರ್ಡ್ ಮಾಡಿ ಕಳುಹಿಸಿದೆನು.

11ನೇ ತಾರೀಖು ಭಾನುವಾರ ಬೆಳಿಗ್ಗೆ 7:10ಕ್ಕೆ ಅವಳ ಉತ್ತರ ಬಂದಿತ್ತು. ಅದು ಇರುವ ಹಾಗೆಯೇ ಹೇಳುತ್ತೇನೆ: 'ಲೋ, ಪೈಪಿನ ಮೇಲೆ ರಬ್ಬರ್ ಸುತ್ತಿತ್ತು ಅಂದ್ಯಲ್ಲ, ಅದೂ ಕೊಯ್ದಿತ್ತಾ? ಒಳಗಿನ ಲೈನಿಂಗ್ ಮಾತ್ರ ಕತ್ತರಿಸಿ ಮೇಲಿನ ಬಟ್ಟೆಗೆ ಕತ್ತರಿ ತಾಗಿಸದೆ ಇರೋ ಟೈಲರ್ ಯಾರಾದ್ರೂ ಇದ್ರೆ ನಂಗೂ ತೋರ್ಸು, ನಾನು ಕಾಲಿಗೆ ಬೀಳ್ತೀನಿ. ಲೈನಿಂಗ್ ಮೊದ್ಲೇ ಹರಿದಿರ್ಬೇಕು, ಆಮೇಲೆ ಮೇಲಿನ ಬಟ್ಟೆ ಹೊಲಿದಿರ್ಬೇಕು. ಅವತ್ತು ಐದು ನಿಮಿಷ ಅಂತ ಹಾರಾಡ್ದೋನು ಯಾರು, ನೆನಪಿದ್ಯಾ?'

ನಾನು ಮುಖವನ್ನೂ ತೊಳೆಯದೆ 7:35ಕ್ಕೆ ಗ್ಯಾರೇಜಿಗೆ ಹೋದೆನು. ರಜೆಯ ದಿನವಾದ್ದರಿಂದ ಯಾರೂ ಇರಲಿಲ್ಲ. ಗುಜರಿ ಮೂಟೆಯನ್ನು ನೆಲಕ್ಕೆ ಸುರಿದು ಶುಕ್ರವಾರ ಎಸೆದಿದ್ದ ಪಟ್ಟಿಯನ್ನು ಹುಡುಕಿದೆನು. ಉದ್ದಕ್ಕೂ ಬೆಳಕಿಗೆ ಹಿಡಿದು ನೋಡಿದೆನು. ಒಂದೇ ಒಂದು ಗೀರು ಇರಲಿಲ್ಲ. ಸೀಳನ್ನು ಬೆರಳಿನಿಂದ ಅಗಲಿಸಿ ನೋಡಿದರೆ ಮೇಲಿನ ಅರ್ಧ ಕೊಳೆ ಕೂತು ಕಪ್ಪಾಗಿತ್ತು, ಒಳಗಿನ ಅರ್ಧ ಮಾತ್ರ ಹೊಸದಾಗಿ ಹರಿದಿತ್ತು. ಅಂದರೆ ಗಾಯ ಹಳೆಯದು. ಪಟ್ಟಿ ಸುತ್ತುವ ಮೊದಲೇ ಆದದ್ದು. ಪಟ್ಟಿ ಸುತ್ತುವ ಮೊದಲು ಅಲ್ಲಿ ಬ್ಲೇಡ್ ಹಿಡಿದವನು ನಾನೊಬ್ಬನೇ.

ಮುಚ್ಚಿಡದೆ ಹೇಳುತ್ತೇನೆ. ರೂಮಿಗೆ ಹೋಗಿ ಬ್ಯಾಗ್ ತುಂಬಿಕೊಂಡೆನು. ಮಧ್ಯಾಹ್ನ 1:50ಕ್ಕೆ ಬಸ್ ನಿಲ್ದಾಣದಲ್ಲಿದ್ದೆನು. ಬಸ್ 2:15ಕ್ಕೆ ಇತ್ತು. ಊರಿನ ನನ್ನ ಅಕ್ಕನಿಗೆ ಫೋನ್ ಮಾಡಿ, ಈ ಊರು ಸರಿ ಇಲ್ಲ, ಬೇರೆ ಕಡೆ ಹೋಗುತ್ತೇನೆ ಎಂದೆನು. ಮೊದಲಿಗೆ ಹೊಲಿಗೆ ಮಿಷನ್ನಿನ ಸದ್ದು ಕೇಳುತ್ತಿತ್ತು, ಅದು ನಿಂತಿತು. 'ಹೋಗಪ್ಪಾ, ಹೋಗು. ಈ ಸಲ ಯಾವ ಊರು? ಅಲ್ಲಿ ಗಾಡಿಗಳು ಕೆಡೋದೇ ಇಲ್ವಂತಾ?' ಎಂದು ಕೇಳಿದಳು. ಆಮೇಲೆ ಅವಳು ಮೆಲ್ಲಗೆ, ಆ ಮನುಷ್ಯ ಇವತ್ತೂ ಶೆಡ್ಡಿನಲ್ಲೇ ಮಲಗುತ್ತಾನೇನೋ ಎಂದು ಕೇಳಿದಳು. ಬಸ್ ಬಂತು. ನಾನು ಹತ್ತಲಿಲ್ಲ.

ಅಲ್ಲಿಂದ ಮೇಸ್ತ್ರಿಯವರ ಮನೆ ಒಂದೂವರೆ ಕಿಲೋಮೀಟರ್. ನಡೆದು ಹೋದೆನು. ಬಾಗಿಲು ತೆರೆದ ಮೇಸ್ತ್ರಿ ನನ್ನನ್ನು ಮೇಲಿಂದ ಕೆಳಗೆ ನೋಡಿ, 'ಏನೋ ಬುಗುರಿ, ಸುತ್ತೋಕೆ ಹೊರಟ್ಯಾ?' ಎಂದರು. ಬ್ಲೇಡ್ ಹಾಕಿದ್ದು ನಾನೇ ಎಂದು ಹೇಳಲು ಶುರು ಮಾಡಿದೆನು. ಮೊದಲು ಬ್ಯಾಗ್ ಇಳಿಸು, ಹೆಗಲ ಮೇಲೆ ಬ್ಯಾಗ್ ಇಟ್ಟುಕೊಂಡವನ ಮಾತು ನಾನು ಕೇಳುವುದಿಲ್ಲ ಎಂದರು. ಇಳಿಸಿ ಎಲ್ಲವನ್ನೂ ಹೇಳಿದೆನು. ಅವರು ಬೈದರು. ಬೈದದ್ದನ್ನು ಬರೆಸುವುದಿಲ್ಲ, ಬರೆಯುವಂತಹದ್ದೂ ಅಲ್ಲ. ಪೈಪಿಗಿಂತ ಮೊದಲು ನಿನ್ನ ಬಾಯಿಗೆ ಕ್ಲಿಪ್ಪು ಹಾಕಬೇಕಿತ್ತು ಎಂದರು. ಹೊಸಬನ ಕೆಲಸವನ್ನು ನೋಡದೆ ಟೀಗೆ ಹೋದದ್ದು ತಮ್ಮ ತಪ್ಪು ಎಂದೂ ಹೇಳಿದರು. ನಂತರ ಊಟ ಹಾಕಿಸಿದರು. ನಾಳೆ ನರ್ಸರಿ ಅಕ್ಕನ ಎದುರೇ, ಪೇದೆ ಸಾಹೇಬರ ಎದುರೇ ಗಾಡಿ ಬಾಯಲ್ಲೇ ಹೇಳಿಸೋಣ ಎಂದರು.

12ನೇ ತಾರೀಖು ಸೋಮವಾರ ಬೆಳಿಗ್ಗೆ 9:30ಕ್ಕೆ ನರ್ಸರಿ ಅಕ್ಕನೂ ಪೇದೆ ಸಾಹೇಬರೂ ಗ್ಯಾರೇಜಿಗೆ ಬಂದರು. ಸೀಳಿದ ಪೈಪನ್ನು ಬಿಚ್ಚಿ ಪೇದೆ ಸಾಹೇಬರ ವಶಕ್ಕೆ ಕೊಟ್ಟು, ಹೊಸದನ್ನು ಹಾಕಿ, ಆಯಿಲ್ ತುಂಬಿದೆವು. ಪಂಪು, ಡಬ್ಬಿ, ಪೈಪು, ಕ್ಲಿಪ್ಪುಗಳನ್ನೆಲ್ಲ ಒಂದು ಹನಿ ಜಿಡ್ಡಿಲ್ಲದಂತೆ ತೊಳೆದು ಒರೆಸಿ, ಮೇಲೆ ಮುಖಕ್ಕೆ ಹಚ್ಚುವ ಬಿಳಿ ಪೌಡರ್ ಉದುರಿಸಿದೆನು. ಎಲ್ಲಿಂದ ಸೋರಿದರೂ ಪೌಡರ್ ಮೇಲೆ ಕೆಂಪು ಗೆರೆ ಮೂಡುತ್ತದೆ. ಕೆಳಗೆ ಹೊಸ ರಟ್ಟು ಹಾಸಿದೆನು. ಇಂಜಿನ್ ಸ್ಟಾರ್ಟ್ ಮಾಡಿ, ಪೇದೆ ಸಾಹೇಬರನ್ನೇ ಕೂರಿಸಿ ಸ್ಟೀರಿಂಗನ್ನು ಆ ತುದಿಯಿಂದ ಈ ತುದಿಗೆ ಇಪ್ಪತ್ತು ಸಲ ತಿರುಗಿಸಲು ಹೇಳಿದೆವು. ಹದಿಮೂರನೆಯ ಸಲಕ್ಕೆ ಅವರು, 'ಇದು ಗಾಡಿ ಟೆಸ್ಟಾ, ನನ್ನ ಟೆಸ್ಟಾ?' ಎಂದು ಕೇಳಿದರು. 25 ನಿಮಿಷ ಬಿಟ್ಟು ನೋಡಿದಾಗ ಪೌಡರ್ ಬಿಳಿಯಾಗಿಯೇ ಇತ್ತು. ರಟ್ಟು ಒಣಗಿಯೇ ಇತ್ತು.

ಪಂಪಿನಿಂದ ಈಗ ಸೋರುವುದಿಲ್ಲ ಎಂದು ಅದರಿಂದ ಗೊತ್ತಾಯಿತು. ಸೀಲ್ ಬದಲಾಯಿಸಿದ್ದಕ್ಕೆ ಈಗ ನಿಂತಿರಬಹುದಲ್ಲ ಎಂದು ಪೇದೆ ಸಾಹೇಬರು ಕೇಳಿದರು. ಮೇಸ್ತ್ರಿ ನಾನು ತೆಗೆದಿಟ್ಟಿದ್ದ ಹಳೆಯ ಸೀಲನ್ನು ತಂದು ತೋರಿಸಿದರು. ಅದರಲ್ಲಿ ಸವೆತ ಇರಲಿಲ್ಲ. ಆಮೇಲೆ ಸೀಳಿದ ಪೈಪಿಗೆ ಆ ಪಟ್ಟಿಯನ್ನೇ ಮೊದಲಿನ ಹಾಗೆ ಸುತ್ತಿ, ಒಂದು ತುದಿಯಿಂದ ಆಯಿಲ್ ಬಿಟ್ಟರು. ಸೀಳಿನ ಜಾಗದಲ್ಲಿ ಏನೂ ಕಾಣಲಿಲ್ಲ. ಪಟ್ಟಿಯ ಒಳಗೊಳಗೇ ಇಳಿದು, 31 ಸೆಂಟಿಮೀಟರ್ ಆಚೆ, ಪಂಪಿನ ಮೇಲೆ ಬರುವ ತುದಿಯಲ್ಲಿ ಹನಿ ಹನಿಯಾಗಿ ಬಿತ್ತು. ಸೋರಿಕೆ 28ನೇ ತಾರೀಖೇ ಇತ್ತು. ಜಗಳ ಆದದ್ದು 7ನೇ ತಾರೀಖು. ಇದನ್ನು ನರ್ಸರಿ ಅಕ್ಕನಿಗೆ ನಾನೇ ಬಿಡಿಸಿ ಹೇಳಿದೆನು. 19ನೇ ತಾರೀಖಿನ ರೆಕಾರ್ಡನ್ನೂ ಜೋರಾಗಿ ಕೇಳಿಸಿದೆನು. ನನ್ನ ಧ್ವನಿಯನ್ನು ನಾನೇ ಕೇಳುವುದು ಕಷ್ಟವಾಯಿತು.

ಅಕ್ಕ ನನಗೆ ಹೊಡೆಯುತ್ತಾರೆ ಎಂದುಕೊಂಡೆನು. ಅವರು, ಹಾಗಾದರೆ ನನ್ನ ಮೈದುನ ಏನೂ ಮಾಡಿಲ್ಲವಾ ಎಂದರು. ಇಲ್ಲ ಎಂದೆನು. ಇದನ್ನೇ ಮೂರು ಸಲ ಕೇಳಿದರು, ಮೂರು ಸಲವೂ ಹೇಳಿದೆನು. ನಂತರ ಸೆರಗಿನಲ್ಲಿ ಮುಖ ಒರೆಸಿಕೊಂಡು, ಉಳುಕಿದ ಕೈಯಲ್ಲೇ ಫೋನ್ ಹಿಡಿದು ಮೈದುನನಿಗೆ ಕರೆ ಮಾಡಿದರು. ಕ್ಷಮಿಸು ಎಂದಾಗಲಿ, ತಪ್ಪಾಯಿತು ಎಂದಾಗಲಿ ಹೇಳಲಿಲ್ಲ. 'ಊಟ ಮಾಡಿದ್ಯೇನಪ್ಪಾ? ಗ್ಯಾರೇಜ್ ಹತ್ರ ಬಾ, ಗಾಡಿ ತಗೊಂಡು ಹೋಗ್ಬೇಕು. ನಂಗೆ ರಿವರ್ಸ್ ತೆಗೆಯೋಕೆ ಬರಲ್ಲ' ಎಂದರು. ಮೈದುನ ಹನ್ನೆರಡು ನಿಮಿಷದಲ್ಲಿ ಬಂದರು. ಉಸಿರು ಏರಿತ್ತು. ಚಪ್ಪಲಿ ಎರಡೂ ಬೇರೆ ಬೇರೆ ಜೋಡಿಯವು.

ನಾನು ಅವರ ಎದುರು ನಿಂತು, ಅಣ್ಣಾ, ಬ್ಲೇಡ್ ನನ್ನದು, ಮಾತೂ ನನ್ನದು ಎಂದೆನು. ಅವರು, ಇದನ್ನು ಠಾಣೆಯಲ್ಲಿ ಬರೆಸುತ್ತೀಯಾ ಎಂದು ಮಾತ್ರ ಕೇಳಿದರು. ಬರೆಸುತ್ತೇನೆ ಎಂದೆನು. ಅದಕ್ಕೇ ಬಂದಿದ್ದೇನೆ.

ಆದ್ದರಿಂದ ಮೈದುನನ ಮೇಲಿನ ದೂರನ್ನು ಮುಂದುವರಿಸಬಾರದೆಂದು ಕೇಳಿಕೊಳ್ಳುತ್ತೇನೆ. ಪೈಪಿಗೆ ಗಾಯವಾದದ್ದು ನನ್ನ ಅವಸರದಿಂದ. ಅದಕ್ಕೆ ಏನು ಕ್ರಮವೋ ಅದು ನನ್ನ ಮೇಲಿರಲಿ. ಕರೆದ ದಿನ ಬರುತ್ತೇನೆ. ಮೇಸ್ತ್ರಿ ನನ್ನನ್ನು ಕೆಲಸದಿಂದ ತೆಗೆದಿಲ್ಲ. ಇನ್ನು ಆರು ತಿಂಗಳು ಬ್ಲೇಡ್ ಮುಟ್ಟಬಾರದು ಎಂದಿದ್ದಾರೆ, ಬಿಸಿನೀರು ಕಾಯಿಸುವ ಪಾತ್ರೆ ಕೊಟ್ಟಿದ್ದಾರೆ.

ಈ ಹೇಳಿಕೆ ಬರೆಯುತ್ತಿರುವಾಗ ಹೊರಗಿನಿಂದ ಜೋರು ಧ್ವನಿಗಳು ಕೇಳಿ, ಅಲ್ಲಿ ಏನು ಗಲಾಟೆ ಎಂದು ರೈಟರ್ ಸಾಹೇಬರು ನನ್ನನ್ನು ಕೇಳಿದ್ದಾರೆ. ಕಿಟಕಿಯಿಂದ ನೋಡಿ ಹೇಳುವುದೇನೆಂದರೆ, ದೂರು ವಾಪಸ್ ಪಡೆಯಲು ಬಂದಿರುವ ನರ್ಸರಿ ಅಕ್ಕ ಪಿಕಪ್‌ನಲ್ಲಿ ಡ್ರೈವರ್ ಸೀಟಿನಲ್ಲಿ ಕುಳಿತಿದ್ದಾರೆ. ಮೈದುನ ಹಿಂದೆ ನಿಂತು ಎರಡೂ ಕೈ ಬೀಸುತ್ತಾ, 'ಅತ್ತಿಗೇ, ಎಡಕ್ಕೆ, ಎಡಕ್ಕೆ ಅಂದ್ನಲ್ಲ, ಎಡ ಅಂದ್ರೆ ಊಟ ಮಾಡೋ ಕೈಯಲ್ಲ!' ಎಂದು ಕೂಗುತ್ತಿದ್ದಾರೆ. ಅಕ್ಕ, ಮೊದಲು ಅಡ್ಡ ನಿಲ್ಲಬೇಡ ಎಂದು ಕೂಗುತ್ತಿದ್ದಾರೆ. ಅವರು ರಿವರ್ಸ್ ಕಲಿಯುತ್ತಿದ್ದಾರೆ. ಅದು ಜಗಳವಲ್ಲ ಎಂದು ದಾಖಲಿಸಬೇಕೆಂದು ಕೋರುತ್ತೇನೆ.

ಮೇಲೆ ಬರೆದದ್ದನ್ನು ರೈಟರ್ ಸಾಹೇಬರು ನನಗೆ ಎರಡು ಸಲ ಓದಿ ಹೇಳಿದರು. ನಾನು ಹೇಳಿದ್ದೇ ಇದರಲ್ಲಿದೆ, ನಾನು ಹೇಳದ್ದು ಇಲ್ಲ, ನನಗೆ ತಿಳಿದಷ್ಟೂ ನಿಜ.

ಸ್ಥಳ: ಠಾಣೆಯ ಮುಂದಿನ ಕೋಣೆ, ಕಿಟಕಿ ಪಕ್ಕದ ಮೇಜು
ದಿನಾಂಕ: 13, ಮಂಗಳವಾರ, ಬೆಳಿಗ್ಗೆ 11:50

ಹೇಳಿಕೆ ಕೊಟ್ಟವನ ಸಹಿ
(ಬೆರಳಿನ ಆಯಿಲ್ ಕಲೆ ಕಾಗದಕ್ಕೆ ತಾಗಿರುತ್ತದೆ, ಅದು ತಿದ್ದುಪಡಿಯಲ್ಲ)