ಹೊಳೆ ಹಿತ್ತಿಲು ದಾಟಲ್ಲ ಅಂದವರು

ಭದ್ರಾ ಹೊಳೆ ಉಕ್ಕಿ ಇಳಿದ ವಾರ, ಕಳಸದ ಬಸ್‌ಸ್ಟ್ಯಾಂಡಿನಲ್ಲಿ ಅಕ್ಕ ತಮ್ಮ ಇಬ್ಬರು ನನ್ನ ಪಕ್ಕ ಕೂತಿದ್ದರು.

“ಇನ್ಶೂರೆನ್ಸ್‌ನವರು ಏನಂದ್ರು, ಗಿರಿಜಕ್ಕಾ?”

“ಮನೆ ಸುಟ್ಟಿದ್ರೆ ಕೊಡ್ತಿದ್ರಂತೆ. ಹೊಳೆ ನೀರಿಗೆ ಕುಸಿದಿದ್ದಕ್ಕೆ ಇಲ್ವಂತೆ.”

“ನೆರೆಗೂ ಸೇರಿಸಿ ಪಾಲಿಸಿ ಮಾಡ್ಸಿ ಅಂತ ಏಜೆಂಟ್ ಹೇಳಿದ್ರಲ್ಲ?”

“ಹೇಳಿದ್ರು. ನಿನ್ ಭಾವನೇ ಬೇಡ ಅಂದ್ರು. ಅಜ್ಜನ ಕಾಲದಿಂದ ಹೊಳೆ ಹಿತ್ತಿಲು ದಾಟಿಲ್ಲ ಅಂತ.”

“ಈಗ ಏನಂತಾರೆ?”

“ಅನ್ನೋದೇನು ಮಾರಾಯ, ಅದೇ ಜಾಗದಲ್ಲಿ ಮತ್ತೆ ಗೋಡೆ ಎಬ್ಬಿಸ್ತಿದ್ದಾರೆ.”

“ಮುಂದಿನ ವರ್ಷವೂ ಹೊಳೆ ಬಂದ್ರೆ?”

“ನಾನೂ ಕೇಳಿದೆ. ನಮಗೆ ಬೇರೆ ಜಾಗ ಎಲ್ಲಿದೆ ಹೇಳು ಅಂತ ನನ್ನನ್ನೇ ನೋಡಿದ್ರು.”

ಹೊರನಾಡು ಬಸ್ ಬಂತು.

“ನಾಳೆ ನೀನೂ ಬಾ,” ಎಂದಳು ಅಕ್ಕ, ಎದ್ದು ಹೊರಡುತ್ತ. “ಅವರೊಬ್ಬರ ಕೈಲಿ ಕಲ್ಲು ಎತ್ತಕ್ಕಾಗಲ್ಲ.”