ತೆಪ್ಪ ಬಿಟ್ಟ ಮೇಲೆ ಹೇಳಿದ ಮಾತು

ಶರಣರೇ, ತಾಯಂದಿರೇ, ದೊಡ್ಡ ಮಾತುಗಳು ಇವತ್ತಿಗೆ ಸಾಕು. ಒಬ್ಬ ಸಾಹುಕಾರನ ಕಥೆ ಹೇಳುತ್ತೇನೆ. ಹೊಳೆಯ ದಂಡೆಯ ಒಂದೂರಲ್ಲಿ ಅವನಿದ್ದ. ಯಾವ ಊರು, ಏನು ಹೆಸರು ಅಂತ ಕೇಳಬೇಡಿ. ಹೇಳಿದರೆ ನಾಳೆ ಬೆಳಿಗ್ಗೆ ಮಠದ ಬಾಗಿಲಿಗೆ ಬಂದು ನಿಂತಿರುತ್ತಾನೆ.

ಅವನಿಗೆ ಹೊಲ ಇತ್ತು, ಟ್ರ್ಯಾಕ್ಟರ್ ಇತ್ತು, ಊರಲ್ಲಿ ಮಾತಿಗೆ ಬೆಲೆ ಇತ್ತು. ಆ ಊರಲ್ಲಿ ಇರದಿದ್ದದ್ದು ದವಾಖಾನೆ. ಮನೆಗೆ ಸೊಸೆ ಬಂದಳು, ಬಸುರಿಯಾದಳು. ಅವಳ ತವರು ಹೊಳೆಯ ನಡುಗಡ್ಡೆ. ತೆಪ್ಪದಲ್ಲೇ ಹೋಗಬೇಕು, ತೆಪ್ಪದಲ್ಲೇ ಬರಬೇಕು. ಹೊಳೆ ತುಂಬಿತೋ, ಅದೂ ಇಲ್ಲ.

ಎಂಟು ತಿಂಗಳು ತುಂಬಿದ ಹೊತ್ತಿಗೆ ಊರಿಗೆ ಜೀಪಿನಲ್ಲಿ ಒಬ್ಬ ಡಾಕ್ಟರಮ್ಮ ಬಂದರು. ಹೆಗಲಲ್ಲಿ ಒಂದು ಚೀಲ, ಚೀಲದಲ್ಲಿ ಸ್ಕ್ಯಾನಿಂಗ್ ಮಷೀನು. ನೋಡಿ, ಮೊದಲು ಅದಕ್ಕಾಗಿ ಬಸುರಿಯರು ಕುಲುಕಾಡುತ್ತ ತಾಲೂಕಿಗೆ ಹೋಗಬೇಕಿತ್ತು. ಈಗ ಆ ಮಷೀನೇ ಮನೆಯ ಪಡಸಾಲೆಗೆ ಬಂತು. ಗಂಡೋ ಹೆಣ್ಣೋ ಹೇಳುವುದಕ್ಕಲ್ಲ, ಆ ಆಸೆ ಬಿಡಿ, ಅದನ್ನು ಕೇಳುವುದೇ ತಪ್ಪು. ತಾಯಿ, ಮಗು ಇಬ್ಬರೂ ಉಳಿಯಲಿ ಅಂತ.

ಡಾಕ್ಟರಮ್ಮ ನೋಡಿದರು. ಹೊರಗೆ ಬಂದು ಅತ್ತೆಗೆ ಹೇಳಿದರು: "ನೋಡವ್ವಾ, ಕೂಸಿನ ಹಿಂದ ಬೀಳಬೇಕಾದ ಮಾಸು ಅದರ ದಾರಿಗೇ ಅಡ್ಡ ಐತಿ. ಮನ್ಯಾಗ ಹೆರಿಗಿ ಆದ್ರ ರಕ್ತ ನಿಲ್ಲಂಗಿಲ್ಲ, ತಾಯಿ ಉಳಿಯಂಗಿಲ್ಲ. ಬ್ಯಾನಿ ಬರೂಕಿಂತ ಮೊದಲ ದೊಡ್ಡ ದವಾಖಾನಿಗೆ ಸೇರಿಸ್ರಿ. ಬಾ, ಆಕಿಗೂ ಹೇಳೂಣು."

"ಬ್ಯಾಡ್ರೀ ಯವ್ವಾ, ಸಣ್ಣ ಹುಡುಗಿ, ಅಂಜ್ತಾಳ. ನಾನೇ ಹೇಳ್ತೀನಿ ತಗೋರಿ," ಅಂದಳು ಅತ್ತೆ. ಡಾಕ್ಟರಮ್ಮನಿಗೆ ಮುಂದಿನ ಊರಿನ ಅವಸರ. ನಂಬಿ ಹೋದರು. ಅದು ಅವರ ತಪ್ಪು, ಅದನ್ನೂ ಹೇಳಬೇಕು.

ಅತ್ತೆ ಹೇಳಿದಳೇ? ಹೇಳಿದಳು, ಸೊಸೆಗಲ್ಲ, ತನ್ನ ಗಂಡನಿಗೆ. ಸಾಹುಕಾರ ಏನಂದ? "ನಾಳಿಗೆ ಕುಬಸ ಐತಿ. ಬೀಗರು ಬರಾಕತ್ತಾರ. ಶುಭದಾಗ ರಕ್ತ, ಸಾವು ಅಂತ ಬಾಯಿ ಬಿಡಬ್ಯಾಡ. ಚೊಚ್ಚಲ ಬಾಣಂತನ ತವರಾಗ ಆಗೂದು. ಕಳಿಸಲಿಲ್ಲ ಅಂದ್ರ ಮಗಳನ್ನ ಹಿಡಿದಿಟ್ಕೊಂಡ್ರು ಅಂತಾರ."

ಕುಬಸ, ಅದೇ ಸೀಮಂತ, ಆಯಿತು. ಹಸಿರು ಸೀರೆ, ಹಸಿರು ಬಳೆ, ಉಡಿ ತುಂಬ ಅಕ್ಕಿ, ಕೊಬ್ಬರಿ. ಎಲ್ಲವನ್ನೂ ಕಳಿಸಿದರು, ಆ ಒಂದು ಮಾತನ್ನು ಮಾತ್ರ ಕಳಿಸಲಿಲ್ಲ. ಹೊಟ್ಟೆ ಯಾರದು? ಸೊಸೆಯದು. ಜೀವ ಯಾರದು? ಸೊಸೆಯದು. ಗೊತ್ತಿಲ್ಲದಿದ್ದದ್ದು ಯಾರಿಗೆ? ಸೊಸೆಗೇ! ಅವಳು ನಗುನಗುತ್ತ ತೆಪ್ಪ ಹತ್ತಿ ತಾಯಿಯ ಪಕ್ಕ ಕೂತಳು.

ತೆಪ್ಪ ದಂಡೆ ಬಿಟ್ಟಿತು. ಹೋಗುವವರನ್ನು ಹಿಂದಿನಿಂದ ಕರೆಯಬಾರದು ಅಂತ ನಮ್ಮ ಮನೆಗಳಲ್ಲಿ ಇದೆ, ಅಲ್ಲವೇ? ಬಸುರಿಯನ್ನಂತೂ ಕರೆಯಲೇಬಾರದು. ಆದರೆ ಹೊಸ ನೀರು ಬಂದು ಹೊಳೆ ಏರುತ್ತಿತ್ತು. ಇನ್ನೊಂದಿಷ್ಟು ಏರಿದರೆ ಸೊಸೆ ಆ ಕಡೆ, ದವಾಖಾನೆ ಈ ಕಡೆ. ಅತ್ತೆಗೆ ಎದೆ ತಡೆಯಲಿಲ್ಲ. ಸೀರೆ ನೆನೆಯುವಂತೆ ನೀರಿಗಿಳಿದು ಕೂಗಿದಳು: "ತೆಪ್ಪ ತಿರುಗಿಸ್ರೋ! ಬೀಗತಿ, ನಿಲ್ಲವ್ವಾ! ಮಾಸು ಅಡ್ಡ ಐತಂತ! ಮನ್ಯಾಗ ಹಡದ್ರ ನಿನ್ನ ಮಗಳು ಉಳಿಯಂಗಿಲ್ಲಂತ!"

"ಬಾಯಿ ಮುಚ್ಚ!" ಅಂತ ಸಾಹುಕಾರ ಅವಳ ರಟ್ಟೆ ಹಿಡಿದ. ಅವಳು ಕೊಡವಿಕೊಂಡು ಇನ್ನೂ ಜೋರಾಗಿ ಕೂಗಿದಳು. ತೆಪ್ಪ ತಿರುಗಿತು. ಸೊಸೆ ಇಳಿದವಳೇ ಕೇಳಿದಳು: "ಅತ್ತೀ, ಇದನ್ನ ನನಗ್ಯಾಕ ಹೇಳಲಿಲ್ಲ?"

ಅತ್ತೆ ಅವಳ ಕೈ ಹಿಡಿದು ದವಾಖಾನೆಯ ದಾರಿ ಹಿಡಿದಳು. ಆ ಪ್ರಶ್ನೆಗೆ ಉತ್ತರ ನಿಮ್ಮ ಹತ್ತಿರ ಇದೆಯೇ?

ತಾಲೂಕಿನ ದವಾಖಾನೆಯಲ್ಲಿ ಆಪರೇಷನ್ ಆಯಿತು, ರಕ್ತ ಕೊಡಬೇಕಾಯಿತು, ತಾಯಿ ಮಗು ಇಬ್ಬರೂ ಬದುಕಿದರು. ಹೊಳೆ ಇಳಿದ ಮೇಲೆ ಬಾಣಂತನ ತವರಿನಲ್ಲೇ ಆಯಿತು. ಯಾವ ಬೀಗರೂ ಮುನಿಸಿಕೊಳ್ಳಲಿಲ್ಲ.

ನೀವೆಲ್ಲ ಮನಸ್ಸಿನಲ್ಲೇ ಸಾಹುಕಾರನನ್ನು ಬೈಯುತ್ತಿದ್ದೀರಿ, ಮುಖ ನೋಡಿದರೆ ಗೊತ್ತಾಗುತ್ತದೆ. ಸ್ವಲ್ಪ ತಡೆಯಿರಿ. ಅವನೇನು ಸೊಸೆಗೆ ಕೆಟ್ಟದ್ದು ಬಯಸಿದನೇ? ಇಲ್ಲ. ಒಳ್ಳೆಯದಾಗಲಿ ಅಂತಲೇ ಸುಮ್ಮನಿದ್ದ. ನಾವೂ ಹಾಗೆಯೇ ಸುಮ್ಮನಿರುವವರು. ಅವಳು ಅಂಜುತ್ತಾಳೆ, ಅವಳಿಗೇನು ತಿಳಿಯುತ್ತದೆ ಅಂತ ಬಾಗಿಲ ಹೊರಗೇ ಮಾತು ಮುಗಿಸುವವರು.

ಆದ್ದರಿಂದ ಇಷ್ಟು ಮಾಡಿ. ಆ ಜೀಪು ನಿಮ್ಮೂರಿಗೆ ಬಂದ ದಿನ ಬಸುರಿಯನ್ನು ಹೊಲಕ್ಕೆ ಕಳಿಸಬೇಡಿ. ಡಾಕ್ಟರು ಹೇಳುವಾಗ ಅವಳನ್ನೇ ಎದುರಿಗೆ ಕೂರಿಸಿ. ತವರಿಗೆ ಕಳಿಸುವುದಾದರೆ ಉಡಿ ತುಂಬುವ ಮೊದಲೇ ಬೀಗರಿಗೆ ತಿಳಿಸಿ. ಮರೆತಿರೋ, ಹಿಂದಿನಿಂದ ಕೂಗಿ ಕರೆಯಿರಿ. ಅದರಿಂದ ಕೆಟ್ಟದ್ದು ಬಂದರೆ ನನ್ನ ಮೇಲೆ ಹಾಕಿ.

ಇವತ್ತು ಮನೆಗೆ ಹೋದವರೇ ಊಟಕ್ಕೆ ಕೂರಬೇಡಿ. ಮನೆಯಲ್ಲಿ ಬಸುರಿ ಇದ್ದರೆ ಮೊದಲು ಕೇಳಿ: "ಡಾಕ್ಟರು ಏನು ಹೇಳಿದರು, ನಿನಗೆ ಗೊತ್ತೇನವ್ವಾ?" ಅವಳು ಉತ್ತರ ಹೇಳದೆ ಅತ್ತೆಯ ಮುಖ ನೋಡಿದಳೋ, ಆ ಮಷೀನು ನಿಮ್ಮ ಮನೆಗೆ ಬಂದದ್ದು ದಂಡ ಅಂತ ತಿಳಿಯಿರಿ.