ಮಾವ ಹಾಕಿಸಿದ ಡಾಮರು

ಅಯ್ಯೋ... ಮಾವ, ನೀವಾ. ಎದೆ ಧಸಕ್ ಅಂತು ನನಗೆ. ಹೀಗೆ ಬೆನ್ನ ಹಿಂದೆ ಬಂದು ನಿಂತರೆ ಹೇಗೆ ಗೊತ್ತಾಗುದು? ಒಂದು ಕೆಮ್ಮುದಾದ್ರೂ ಬೇಡ್ವಾ? ಬೈಕ್ ಎಲ್ಲಿ? ಮೇಲೆ ರಸ್ತೆಯಲ್ಲೇ ಇಟ್ಟು ನಡ್ಕೊಂಡು ಬಂದ್ರಾ... ಹ್ಞಾಂ. ನೋಡಿ, ಗೇಟಿನಿಂದ ಇಲ್ಲಿಗೆ ಹತ್ತು ಹೆಜ್ಜೆ ನಡೆದದ್ದು, ಒಂದು ಸದ್ದು ಉಂಟಾ?

ಇಲ್ಲ, ಪಿಕ್ಕಾಸು ಕೊಡುದಿಲ್ಲ. ಕೊಡುದಿಲ್ಲ ಮಾವ, ಎಳಿಬೇಡಿ, ಕೈಯಲ್ಲಿ ಬೊಕ್ಕೆ ಬಂದಿದೆ.

ಹಾಗೆ ನೋಡ್ಬೇಡಿ. ಗೊತ್ತುಂಟು, ನೀವು ಹಾಕಿಸಿದ ರಸ್ತೆ. ನೆಲ್ಯಾಡಿಯಲ್ಲಿ ಹಳೇ ಹೈವೇ ಕೆತ್ತಿ ತೆಗೆದ ಡಾಮರು ಹುಡಿ, ಅದನ್ನು ನಿಮ್ಮ ಟಿಪ್ಪರಿನಲ್ಲೇ ತುಂಬಿಸಿ ಈ ಕಾಣಿಯೂರಿನ ವರೆಗೆ ತಂದು, ಕಂಟ್ರಾಕ್ಟರ್ ಕುಕ್ಕಪ್ಪಣ್ಣನ ಕಾಲು ಹಿಡಿದು ರೋಲರ್ ತರಿಸಿ... ಎಲ್ಲ ಗೊತ್ತುಂಟು. ಗುರುವಪ್ಪ ತಂಗಿಯ ಮನೆಗೆ ರಸ್ತೆ ಮಾಡಿ ಕೊಟ್ಟ ಅಂತ ಊರಿಡೀ ಹೇಳ್ತದೆ. ಅಮ್ಮ ಅಂತೂ ಎರಡು ದಿನ ಗೇಟಿಗೂ ಮನೆಗೂ ಸುಮ್ಮನೆ ನಡೆದದ್ದು, ಕೆಸರಿಲ್ಲ ಕೆಸರಿಲ್ಲ ಅಂತ. ಅದಕ್ಕೇ ಈಗ ಮಾಡ್ತಾ ಇರುದು ನಾನು, ಅಮ್ಮ ಹಾಲಿನ ಸೊಸೈಟಿಗೆ ಹೋದಾಗ.

ಎಂತಕ್ಕೆ ಅಂದ್ರೆ... ಪೈಪಿಗೆ. ನೀರಿನ ಪೈಪು ಲೀಕ್ ಆಗ್ತದೆ, ಅದನ್ನು ನೋಡ್ಲಿಕ್ಕೆ.

ಹೌದು, ಪೈಪು ಆಚೆ ಬದಿಯಲ್ಲಿ ಹೋಗುದು. ಹೌದು.

ಸರಿ, ಪೈಪು ಅಲ್ಲ. ಬಿಸಿ ಮಾವ, ಬಿಸಿ. ಕಪ್ಪು ಅಲ್ವಾ, ಮಧ್ಯಾಹ್ನ ಕಾಲಿಡ್ಲಿಕ್ಕೆ ಆಗುದಿಲ್ಲ, ಕಾವಲಿ ಹಾಗೆ ಆಗ್ತದೆ. ಚಪ್ಪಲಿ ಹಾಕು ಅಂತ ಹೇಳ್ಬೇಡಿ. ಚಪ್ಪಲಿಗೂ ಮೆತ್ತುತ್ತದೆ. ಮತ್ತೆ ಬಾವಿಗೂ ಒಳ್ಳೆದಲ್ಲ. ಮಳೆ ಬಂದ್ರೆ ಡಾಮರಿನ ಎಣ್ಣೆ ಎಲ್ಲ ನೀರಿನೊಟ್ಟಿಗೆ ಇಳಿದು ಬಾವಿಗೆ... ನಾನು ಓದಿದ್ದೇನೆ...

ಎಂತ ನಗುದು?

ಹೌದು, ಬಾವಿ ಗುಡ್ಡೆ ಬದಿಯಲ್ಲಿ ಉಂಟು, ಮೇಲೆ. ನೀರು ಮೇಲೆ ಹತ್ತುದಿಲ್ಲ. ಗೊತ್ತುಂಟು ನನಗೆ, ನಾನೂ ಸೈನ್ಸೇ.

ನಿಮಗೆ ನಗು. ನನಗೆ ಮೂರು ದಿನದಿಂದ ತಲೆ ಕೆಟ್ಟಿದೆ. ಇದು ಸುಲಭದಲ್ಲಿ ಏಳುದೇ ಇಲ್ಲ ಮಾವ. ಎಷ್ಟು ಹೊಡೆದರೂ ಪಿಕ್ಕಾಸಿನ ಮೂತಿ ಜಾರಿ ಹೋಗ್ತದೆ. ಬೆಳಿಗ್ಗೆ ಆದ್ರೆ ಕಲ್ಲು, ಮಧ್ಯಾಹ್ನ ಆದ್ರೆ ಚೂಯಿಂಗ್ ಗಮ್. ಮತ್ತೆ ಇದನ್ನು ಹಾಕುವಾಗ ಜಗಲಿಯಲ್ಲಿ ಕೂತು ಪಾಠ ಮಾಡಿದ್ದು ಯಾರು? ನಾನೇ. ಹುಡಿ ಬಿಡಿ ಬಿಡಿಯಾಗಿ ಕಂಡ್ರೂ ಅದರಲ್ಲಿ ಹಳೇ ಡಾಮರು ಉಂಟು, ಬಿಸಿಲಿಗೆ ಮೆತ್ತಗಾಗಿ ಒಂದಕ್ಕೊಂದು ಹಿಡಿದುಕೊಳ್ತದೆ, ರೋಲರ್ ಓಡಿಸಿದ ಮೇಲೆ ಒಂದೇ ಹಾಳೆಯ ಹಾಗೆ ಆಗ್ತದೆ ಅಂತ. ಅಪ್ಪನಿಗೂ ನಾನೇ ಹೇಳಿದ್ದು. ನೀವು ಎಲ್ಲರ ಎದುರು, "ನೋಡಿ ನಮ್ಮ ಭವಿತಾ, ಬಾಯಿಯೇ ಬಿಡದವಳು, ಪುಸ್ತಕದ ಹುಳ, ಇವತ್ತು ಇಂಜಿನಿಯರಿನ ಹಾಗೆ ಮಾತಾಡ್ತಾಳೆ" ಅಂದ್ರಿ. ನಾನು ನಾಚಿಕೆಯಲ್ಲಿ ಒಳಗೆ ಓಡಿದ್ದು.

ಪುಸ್ತಕದಲ್ಲಿ ಇದ್ದ ಹಾಗೆಯೇ ಆಯ್ತು. ಒಂದು ಚೂರು ತಪ್ಪಿಲ್ಲ. ಅದೇ ತೊಂದರೆ.

ಬುಟ್ಟಿಯನ್ನು ಎಂತ ನೋಡುದು? ಜಲ್ಲಿ ಅದು. ಅಡಿಯಲ್ಲಿ ಇದ್ದ ನಮ್ಮ ಹಳೇ ಜಲ್ಲಿ. ಹೌದು, ಹೆಕ್ಕಿ ಇಟ್ಟದ್ದು. ತೊಳೆದೂ ಇಟ್ಟಿದ್ದೇನೆ, ಎಂತ ಈಗ?

...ಹೇಳ್ತೇನೆ. ನಗಬಾರದು ಆಯ್ತಾ. ಯಾರಿಗೂ ಹೇಳ್ಲಿಲ್ಲ ಇದನ್ನು.

ನನಗೆ ಜಲ್ಲಿ ಬೇಕು. ಜಲ್ಲಿಯ ಸದ್ದು ಬೇಕು. ನನಗೆ ಜನ ಅಂದ್ರೆ ಆಗುದಿಲ್ಲ, ನಿಮಗೆ ಗೊತ್ತುಂಟಲ್ವಾ. ಯಾರಾದ್ರೂ ಬಂದ್ರೆ "ಎಷ್ಟನೇ ಕ್ಲಾಸು, ಮಾರ್ಕ್ ಎಷ್ಟು, ಯಾಕೆ ಇಷ್ಟು ಸಪೂರ" ಅಂತ ಸುರು ಮಾಡ್ತಾರೆ. ಮೊದಲು ಜಲ್ಲಿ ಇದ್ದಾಗ ಗೇಟು ದಾಟುವಾಗಲೇ ಕರಕರ ಅಂತ ಕೇಳ್ತಿತ್ತು. ಪುಸ್ತಕ ಹಿಡ್ಕೊಂಡು ಹಿಂದಿನ ಬಾಗಿಲಿನಿಂದ ಕೊಟ್ಟಿಗೆಗೆ ಓಡ್ಲಿಕ್ಕೆ ಬೇಕಾದಷ್ಟು ಪುರುಸೊತ್ತು ಸಿಕ್ತಿತ್ತು. ಈಗ ತಲೆ ಎತ್ತುವಾಗ ಜಗಲಿಯಲ್ಲೇ ನಿಂತಿರ್ತಾರೆ, ಹಲ್ಲು ಕಿರಿದುಕೊಂಡು. ಮೊನ್ನೆ ಹಾಗೇ ಆಯ್ತು, ಸಂಘದವರು ಬಂದು... ನಗುದಿಲ್ಲ ಅಂದಿದ್ರಿ ನೀವು.

ನಿಜ ಮಾವ. ಯಾರು ಬರುದು ಅಂತ ನನಗೆ ಕಣ್ಣು ಮುಚ್ಚಿದ್ರೂ ಗೊತ್ತಾಗ್ತಿತ್ತು. ಹಿಂದಿನ ಮನೆ ರುಖಿಯಮ್ಮ ಬಂದ್ರೆ ಬೇಗ ಬೇಗ, ಸಣ್ಣ ಸಣ್ಣ, ಕೋಳಿ ಕೆರೆದ ಹಾಗೆ. ಅವರ ಮೊಮ್ಮಗ ರಮೀಝ್ ಆದ್ರೆ ನಡೆಯುದೇ ಇಲ್ಲ, ಕಾಲಲ್ಲಿ ಒಂದು ಕಲ್ಲು ಒದೆಯುತ್ತಾ ಬರುದು. ಅಮ್ಮ ಬದಿಯಲ್ಲಿ ಹುಲ್ಲಿನ ಮೇಲೆ ನಡೆಯುದು, ಜಲ್ಲಿಗೆ ನೋವಾಗ್ತದೆ ಅನ್ನುವ ಹಾಗೆ. ನಿಮ್ಮದಾ? ನೀವು ಬಂದ್ರೆ ಲೋಡ್ ತುಂಬಿದ ಟಿಪ್ಪರ್ ಬಂದ ಹಾಗೆ. ಅಮ್ಮ ಒಳಗೆ ಚಾಕ್ಕೆ ನೀರು ಇಡ್ತಿದ್ದರು, "ಅಣ್ಣ ಬಂದ" ಅಂತ, ನೋಡದೆ. ಅಪ್ಪನದ್ದು ಎರಡು ನಮೂನೆ...

ಎಂತ ಇಲ್ಲ.

ಎಂತ ಇಲ್ಲ ಅಂದೆ ಅಲ್ವಾ. ಎರಡು ನಮೂನೆ ಅಂದ್ರೆ, ಶೂ ಹಾಕಿದ್ರೆ ಒಂದು, ಚಪ್ಪಲಿ ಹಾಕಿದ್ರೆ ಒಂದು, ಅಷ್ಟೇ. ಎಲ್ಲರದ್ದೂ ಹಾಗೆಯೇ ಅಲ್ವಾ.

ಆ ಕಡೆ ಕೂತ್ಕೊಳ್ಳಿ, ನೆರಳು ಉಂಟು. ಚಾ ಮಾಡ್ಲಾ? ಬೇಡ್ವಾ. ಸರಿ. ನಾನು ಇದೊಂದು ತುಂಡು ಎಬ್ಬಿಸ್ತೇನೆ, ಕತ್ತಲಾಗುವ ಮೊದಲು ಆಗ್ಬೇಕು. ಇವತ್ತು ಶನಿವಾರ ಅಲ್ವಾ.

ಶನಿವಾರ ಅಂದ್ರೆ... ಶನಿವಾರ. ಅಪ್ಪನಿಗೆ ವಾರದ ಸಂಬಳ ಸಿಗುವ ದಿವಸ, ಸ್ನೇಹಿತರು ಇರ್ತಾರೆ, ಬರುವಾಗ ಚೂರು ತಡ ಆಗ್ತದೆ.

ಎಂತಾದ್ರೂ ಹೇಳಿ ಮಾವ. ಸುಮ್ಮನೆ ನಿಂತರೆ ನನಗೆ ಆಗುದಿಲ್ಲ. ಬೈಯಿರಿ ಬೇಕಾದ್ರೆ. "ನಾನು ಕಷ್ಟಪಟ್ಟು ಹಾಕಿಸಿದ ರಸ್ತೆ ಅಗೆದು ಹಾಕ್ತಿದ್ದಿಯಲ್ಲಾ, ಬುದ್ಧಿ ಉಂಟಾ" ಅಂತ ಕೇಳಿ. ನೀವು ಯಾವಾಗಲೂ ಬೊಬ್ಬೆ ಹೊಡೆಯುವವರಲ್ವಾ, ಈಗ ಎಂತಾಯ್ತು?

ಮನೆ ಕಡೆ ಎಂತ ನೋಡುದು? ಆ ಬಾಗಿಲು ಮೊದಲಿನಿಂದಲೂ ಹಾಗೆಯೇ. ಚಿಲಕ... ಚಿಲಕ ಹಳತು, ತುಕ್ಕು ಹಿಡಿದಿತ್ತು. ಹೊಸತು ಹಾಕ್ಬೇಕು.

ಅಮ್ಮನ ಕೈ ನೋವು ಈಗ ಕಡಿಮೆ ಆಗಿದೆ. ಬಾವಿಕಟ್ಟೆಯಲ್ಲಿ ಜಾರಿದ್ದು ಅಂತ ಫೋನಿನಲ್ಲಿ ಹೇಳಿದೆನಲ್ಲ. ಹೇಳಿದ್ದು ನಾನೇ, ಹೌದು. ಅಮ್ಮ ಹತ್ತಿರ ನಿಂತಿದ್ದರು. ಹಾಗೆ ಹೇಳು ಅಂತ ಕಣ್ಣಲ್ಲೇ... ಮಾವ, ಆ ದಿವಸ ನೀವೇ ಕೇಳಿದ್ರಲ್ಲ, ಮಳೆಯೂ ಇಲ್ಲ, ಪಾಚಿಯೂ ಇಲ್ಲ, ಹೇಗೆ ಜಾರಿತು ಅಂತ. ಕೇಳಿ, ಮತ್ತೆ ನೀವೇ ಟಿಪ್ಪರಿನ ಸುದ್ದಿ ತೆಗೆದ್ರಿ.

ಎರಡು ನಮೂನೆ ಅಂದದ್ದು ಶೂ ಅಲ್ಲ.

ಸರಿ ಇರುವ ದಿವಸ ಅಪ್ಪ ಎಲ್ಲರ ಹಾಗೇ ನಡೆಯುದು. ಕರಕ್, ಕರಕ್, ಒಂದೇ ಅಳತೆಯಲ್ಲಿ. ಆಗ ನಾನು ಹೋಗಿ ಚೀಲ ತಕ್ಕೊಳ್ಳುದು. ಮತ್ತೊಂದು ಉಂಟಲ್ಲ, ಎಳೆದ ಹಾಗೆ ಕೇಳುದು. ಎಳೀತದೆ, ನಿಲ್ತದೆ. ತುಂಬ ಹೊತ್ತು ನಿಲ್ತದೆ. ಮತ್ತೆ ಎಳೀತದೆ. ಅದು ಗೇಟಿನಲ್ಲಿ ಕೇಳಿದ್ರೆ ಸಾಕು, ಅಮ್ಮ ಒಲೆ ಆರಿಸುದು, ನಾನು ಲೈಟು ಆರಿಸುದು, ಇಬ್ಬರೂ ಹಿಂದಿನ ಬಾಗಿಲಿನಿಂದ ರುಖಿಯಮ್ಮನ ಮನೆಗೆ. ಅವರು ಶನಿವಾರ ಅಡುಗೆಮನೆ ಬಾಗಿಲಿಗೆ ಚಿಲಕ ಹಾಕುದೇ ಇಲ್ಲ. ಎಂತ ಆಯ್ತು ಅಂತ ಒಂದು ದಿವಸ ಕೇಳ್ಲಿಲ್ಲ. ಚಾಪೆ ಹಾಕಿ ಕೊಡ್ತಾರೆ, ರೊಟ್ಟಿ ಕೊಡ್ತಾರೆ, ಟಿವಿಯ ಸೌಂಡ್ ಜಾಸ್ತಿ ಮಾಡ್ತಾರೆ. ಬೆಳಿಗ್ಗೆ ಅಪ್ಪನಿಗೆ ಎಂತದೂ ನೆನಪಿರುದಿಲ್ಲ, ದೋಸೆ ಎಲ್ಲಿ ಅಂತ ಕೇಳ್ತಾರೆ, ಪಾಪದ ಹಾಗೆ.

ಡಾಮರು ಹಾಕಿದ ಮೇಲೆ ಬಂದ ಮೊದಲ ಶನಿವಾರ ನಾವು ಕಾಯ್ತಾ ಕೂತಿದ್ದೆವು. ಅಮ್ಮ ಮೀನು ಹುರಿತಾ ಇದ್ದರು, ನಾನು ಮೆಟ್ಟಿಲಲ್ಲಿ ಓದ್ತಾ ಇದ್ದೆ. ಕಿವಿ ಗೇಟಿನ ಕಡೆಯೇ ಇತ್ತು ಮಾವ, ದೇವರಾಣೆ. ಎಂತದೂ ಕೇಳ್ಲಿಲ್ಲ. ತಲೆ ಎತ್ತುವಾಗ ಅಪ್ಪ ನನ್ನನ್ನು ದಾಟಿ ಒಳಗೆ ಹೋಗಿ ಆಗಿತ್ತು.

ಚಿಲಕ ಹೋದದ್ದು ಅವತ್ತೇ. ಅಮ್ಮನ ಕೈಗೆ ಆದದ್ದೂ ಅವತ್ತೇ.

ನೀವು ಒಳ್ಳೆದಕ್ಕೇ ಮಾಡಿದ್ದು ಅಂತ ನನಗೆ ಗೊತ್ತುಂಟು. ಅಮ್ಮನ ಕಾಲಿಗೆ ಕೆಸರು ಆಗ್ಬಾರದು ಅಂತ. ನಿಮ್ಮ ಹತ್ತಿರ ಹೇಳ್ಬಾರದು ಅಂತ ಅಮ್ಮ ನನ್ನ ತಲೆ ಮೇಲೆ ಕೈ ಇಟ್ಟು... ಅದಕ್ಕೇ ಪೈಪು ಅಂದದ್ದು, ಬಿಸಿ ಅಂದದ್ದು. ಈಗಲೂ ನಾನು ಹೇಳ್ಲಿಲ್ಲ, ಆಯ್ತಾ? ನೀವು ಸುಮ್ಮನೆ ನಿಂತದ್ದಕ್ಕೆ ಅದರಷ್ಟಕ್ಕೆ ಬಾಯಿಗೆ ಬಂತು.

ಕೂತ್ಕೊಳ್ಳಿ ಮಾವ. ಕಣ್ಣು ಒರೆಸಿಕೊಳ್ಳಿ, ಅಮ್ಮ ಬರುವ ಹೊತ್ತಾಯ್ತು.

ಎಂತ... ಪಿಕ್ಕಾಸಾ? ಎಂತಕ್ಕೆ? ಅಂಗಿ ಯಾಕೆ ತೆಗಿತೀರಿ?

ತಕ್ಕೊಳ್ಳಿ. ಹಿಡಿ ಸಡಿಲ ಉಂಟು, ಜಾಗ್ರತೆ.

ಅಮ್ಮ ಬಂದು ಕೇಳಿದ್ರೆ ಪೈಪಿಗೆ ಅಂತಲೇ ಹೇಳುವ. ಅಪ್ಪನ ಹತ್ತಿರ ಎಂತ ಹೇಳುದು ಅಂತ ನೀವೇ ನೋಡಿ. ನೀವು ಇವತ್ತು ಇಲ್ಲೇ ಉಳಿತೀರಲ್ವಾ?

ಅಲ್ಲಿ ಅಲ್ಲ ಮಾವ, ಅಲ್ಲಿ ಅಗೆದರೆ ಎಂತ ಪ್ರಯೋಜನ ಇಲ್ಲ. ಮೆಟ್ಟಿಲ ಹತ್ತಿರ ಬಂದ ಮೇಲೆ ಕೇಳಿದ್ರೆ ಎಲ್ಲಿಗೆ ಓಡುದು ನಾವು? ಗೇಟಿನ ಬುಡದಿಂದ ಸುರು ಮಾಡಿ.